ಗುಲ್ಮಾರ್ಗ್ ಹಿಮದಲ್ಲಿ ಸ್ಲೆಡ್ಜ್: ಹೋಗುವವರಿಗೆ ನಮ್ಮ ಅನುಭವ

ದಾವಣಗೆರೆಯಲ್ಲಿ ಚಳಿಗಾಲ ಅಂದರೆ ಬೆಳಗಿನ ಜಾವ ಒಂದು ಸ್ವೆಟರ್, ಅಷ್ಟೇ ಅಲ್ವಾ? ಹಾಗಾಗಿ ಜನವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟಾಗ ಏನು ಒಯ್ಯಬೇಕು ಅನ್ನೋದೇ ನಮಗೆ ತಿಳಿದಿರಲಿಲ್ಲ. ನಾನು, ನಮ್ಮ ಮನೆಯವರು, ಹತ್ತು ವರ್ಷದ ಮಗಳು, ಅರವತ್ತೆರಡು ವರ್ಷದ ಅತ್ತೆ, ಒಟ್ಟು ನಾಲ್ವರು.

ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿಂದ ದೆಹಲಿ ಮೇಲೆ ಶ್ರೀನಗರಕ್ಕೆ ವಿಮಾನ. ಹಿಮ ಜೋರಾದರೆ ವಿಮಾನ ರದ್ದಾಗುತ್ತದೆ. ವಾಪಸ್ ಬರುವಾಗ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ನಮ್ಮ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ. ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿ.ಮೀ. ತಂಗಮಾರ್ಗ್ ದಾಟಿದ ಮೇಲೆ ಕೊನೆಯ 13 ಕಿ.ಮೀ. ಘಾಟಿ. ಹಿಮ ಬಿದ್ದಿದ್ದರೆ ಚಕ್ರಕ್ಕೆ ಚೈನ್ ಕಟ್ಟಿದ ಬೇರೆ ಗಾಡಿ ಹತ್ತಬೇಕು. ಅದರ ಬಾಡಿಗೆ ಬೇರೆ. ಹೊರಡುವ ಮೊದಲೇ ಡ್ರೈವರ್ ಹತ್ತಿರ ಕೇಳಿಬಿಡಿ.

ಗಮ್‌ಬೂಟು, ಓವರ್‌ಕೋಟು ತಂಗಮಾರ್ಗ್‌ನಲ್ಲೇ ಬಾಡಿಗೆಗೆ ಸಿಗುತ್ತವೆ. ಬೂಟು ಹಾಕಿ ಹತ್ತು ಹೆಜ್ಜೆ ನಡೆದು ನೋಡದೆ ದುಡ್ಡು ಕೊಡಬೇಡಿ. ಮಗಳ ಬೂಟಿನ ಅಡಿಯಲ್ಲಿ ಸಣ್ಣ ಸೀಳು ಇತ್ತು, ನಾವು ನೋಡಿರಲಿಲ್ಲ. ಅರ್ಧ ಗಂಟೆಯಲ್ಲಿ ಕಾಲುಚೀಲ ತೊಯ್ದು ಅವಳು ಅಳುವುದಕ್ಕೇ ಶುರು ಮಾಡಿದಳು. ಬ್ಯಾಗಿನಲ್ಲಿ ಇನ್ನೊಂದು ಜೊತೆ ಉಣ್ಣೆ ಕಾಲುಚೀಲ ಇದ್ದದ್ದಕ್ಕೆ ಬಚಾವಾದೆವು. ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ತುಟಿಗೆ ವ್ಯಾಸಲಿನ್ ಒಯ್ಯಿರಿ. ಬಿಸಿಲು ಬಿದ್ದರೆ ಹಿಮ ಕಣ್ಣು ಕುಕ್ಕುತ್ತದೆ, ಕಪ್ಪು ಕನ್ನಡಕ ಮರೆಯಬೇಡಿ.

ಇನ್ನು ಸ್ಲೆಡ್ಜ್ ವಿಷಯ. ಅದು ಮರದ ಪುಟ್ಟ ಮಣೆಯಂಥ ಗಾಡಿ. ಮುಂದೆ ಒಂದು ಹಗ್ಗ. ಏರಿನಲ್ಲಿ ಒಬ್ಬ ಮನುಷ್ಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನಿಮ್ಮನ್ನು ಎಳೆಯುತ್ತಾನೆ. ಇಳಿಜಾರು ಬಂದಾಗ ಅವನೇ ಮುಂದೆ ಕೂತು, ಹಿಮ್ಮಡಿಯನ್ನು ಹಿಮಕ್ಕೆ ಒತ್ತುತ್ತಾ ದಿಕ್ಕು ತಿರುಗಿಸುತ್ತಾನೆ. ನಾವು ಹಿಂದೆ ಕೂತು ಅವನನ್ನು ಹಿಡಿದುಕೊಳ್ಳಬೇಕು. "ಮಾಜೀ, ಪಾಂವ್ ಊಪರ್" ಅಂತ ಅತ್ತೆಗೆ ಎರಡು ಸಲ ಹೇಳಿದ. ಕಾಲು ಮೇಲೆ ಎತ್ತಿಕೊಳ್ಳಿ ಅಂತ. ಇದನ್ನು ಹಗುರವಾಗಿ ತಗೋಬೇಡಿ. ಕಾಲು ಕೆಳಗೆ ಬಿಟ್ಟರೆ ಹಿಮಕ್ಕೆ ಸಿಕ್ಕಿ ಮಂಡಿ ತಿರುಚುತ್ತದೆ.

ಅತ್ತೆ ಕಣ್ಣು ಮುಚ್ಚಿಕೊಂಡೇ ಇಳಿದರು. ಕೆಳಗೆ ಬಂದು ನಿಂತಾಗ ಸೆರಗಿನ ತುಂಬಾ ಹಿಮ, ಮುಖದ ತುಂಬಾ ನಗು. "ಇನ್ನೊಂದ್ಸಲ ಹೋಗೋಣೇನೇ?" ಅಂದರು. ಇಳಿಯುವುದು ಒಂದು ನಿಮಿಷವೂ ಇಲ್ಲ. ಆದರೆ ಆ ಒಂದು ನಿಮಿಷಕ್ಕೆ ಅಷ್ಟು ದೂರದಿಂದ ಹೋದದ್ದು ಸಾರ್ಥಕ ಅನ್ನಿಸಿತು.

ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ಬಿಸಿಲಿಗೆ ಹಿಮ ಕರಗಿ ಬಟ್ಟೆಯೆಲ್ಲ ಒದ್ದೆ, ಜನವೂ ಜಾಸ್ತಿ. ಡಿಸೆಂಬರ್ 21ರಿಂದ 40 ದಿನ ಅಲ್ಲಿ ಕಡು ಚಳಿ, ಚಿಲ್ಲೈ ಕಲಾನ್ ಅನ್ನುತ್ತಾರೆ. ಹಿಮ ಬೇಕಿದ್ದರೆ ಆ ಹೊತ್ತಿಗೆ ಹೋಗುವುದು ಒಳ್ಳೆಯದು. ಬೆಟ್ಟದ ಮೇಲಕ್ಕೆ ಒಯ್ಯುವ ಕೇಬಲ್ ಕಾರ್, ಅಂದರೆ ಗೊಂಡೋಲಾದ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ. ಅದರ ಎರಡನೇ ಹಂತ 3,900 ಮೀಟರ್ ದಾಟುತ್ತದೆ, ಉಸಿರಾಟದ ತೊಂದರೆ ಇರುವ ಹಿರಿಯರನ್ನು ಅಲ್ಲಿಗೆ ಕರೆದೊಯ್ಯಬೇಡಿ. ನಾವು ಅತ್ತೆಗಾಗಿ ಮೊದಲ ಹಂತಕ್ಕೇ ನಿಂತೆವು.

ದುಡ್ಡಿನ ಮಾತು ಸ್ಪಷ್ಟವಾಗಿರಲಿ. ನಮಗೆ ಒಬ್ಬ ಏಜೆಂಟ್ "ಎಲ್ಲಾ ಸೇರಿ" ಅಂದಿದ್ದ. ಮೇಲೆ ಹೋದಾಗ ಸ್ಲೆಡ್ಜ್ ಸೇರಿರಲಿಲ್ಲ, ಮತ್ತೆ ಕೊಟ್ಟೆವು. ತಲೆಗೆ ಎಷ್ಟು, ಎಲ್ಲಿಯವರೆಗೆ, ಎಷ್ಟು ಹೊತ್ತು ಅನ್ನೋದನ್ನು ಎಳೆಯುವವನ ಹತ್ತಿರವೇ ಮಾತಾಡಿ. ಚೌಕಾಸಿ ಮಾಡಿ, ಆದರೆ ತೀರಾ ಹಿಂಡಬೇಡಿ. ಚಿತ್ರದುರ್ಗದ ಕೋಟೆ ಬರಿಗೈಲಿ ಹತ್ತುವುದಕ್ಕೇ ನಮಗೆ ಏದುಸಿರು. ಆತ ಮೊಣಕಾಲುದ್ದ ಹಿಮದಲ್ಲಿ ಒಬ್ಬರನ್ನು ಎಳೆದುಕೊಂಡು ಹತ್ತುತ್ತಾನೆ. ಕೆಲಸ ಮುಗಿದ ಮೇಲೆ ಆತ ತನ್ನ ಫೆರನ್ (ಉದ್ದನೆಯ ಉಣ್ಣೆ ನಿಲುವಂಗಿ) ಒಳಗಿಂದ ಕಾಂಗ್ಡಿ, ಅಂದರೆ ಕೆಂಡ ತುಂಬಿದ ಪುಟ್ಟ ಮಡಕೆ ತೆಗೆದು, ಅದರ ಕೆಂಡಕ್ಕೆ ಕೈ ಕಾಯಿಸಿಕೊಳ್ಳಿ ಅಂತ ಅತ್ತೆಯ ಮುಂದೆ ಹಿಡಿದ. ಮಾತಾಡಿದ್ದಕ್ಕಿಂತ ಇನ್ನೂರು ರೂಪಾಯಿ ಜಾಸ್ತಿಯೇ ಕೊಟ್ಟು ಬಂದೆವು.