ಅಡಿಕೆ ಎಲಿವೇಟರ್‌ಗೆ ಹೊಸ ಚೈನು: ಈ ವಾರ ಆದ ಕೆಲಸ

ಸುಲಿಯುವ ಯಂತ್ರದ ಬಾಯಿಗೆ ಅಡಿಕೆ ಏರಿಸುವ ಎಲಿವೇಟರ್ ಕಳೆದ ಅಡಿಕೆ ಸುಲಿತದ ನಡುವೆಯೇ ಕೈಕೊಟ್ಟಿತ್ತು. ಅರ್ಧ ಇಂಚು ಪಿಚ್ಚಿನ (ಎರಡು ಪಿನ್ನುಗಳ ನಡುವಿನ ಅಂತರ) ಚೈನು ಜಗ್ಗಿಹೋಗಿ, 13 ಹಲ್ಲಿನ ಚಿಕ್ಕ ಸ್ಪ್ರಾಕೆಟ್ಟಿನ (ಚೈನು ಕೂರುವ ಹಲ್ಲುಚಕ್ರ) ಮೇಲೆ ಹಾರತೊಡಗಿತ್ತು. ಬಿಚ್ಚಿ ನೋಡಿದರೆ ಹಲ್ಲುಗಳೆಲ್ಲ ಒಂದೇ ಕಡೆಗೆ ಕೊಕ್ಕೆಯಂತೆ ಸವೆದಿದ್ದವು. 1 ಎಚ್‌ಪಿ ಮೋಟಾರಿಗೆ ಇಷ್ಟು ಸಾಕೆಂದು ಲೆಕ್ಕ ಹಾಕದೆ ಕೂರಿಸಿದ್ದೆ.

ಚೈನಿಗೆ ಮುಖ್ಯವಾದದ್ದು ಎಚ್‌ಪಿಗಿಂತ ಹೆಚ್ಚಾಗಿ ಎಳೆತ. 1440 ಆರ್‌ಪಿಎಂನಲ್ಲಿ ತಿರುಗುವ ಮೋಟಾರಿನ ಶಾಫ್ಟಿನಲ್ಲಿ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 5 ನ್ಯೂಟನ್ ಮೀಟರ್ ಮಾತ್ರ. ಅದೇ ಶಕ್ತಿ 20:1 ಗೇರ್‌ಬಾಕ್ಸ್ ದಾಟಿ 72 ಆರ್‌ಪಿಎಂಗೆ ಇಳಿದಾಗ, ಗೇರ್‌ಬಾಕ್ಸಿನ ನಷ್ಟವನ್ನು ಸುರಕ್ಷತೆಗಾಗಿ ಕಳೆಯದೆ ಹಿಡಿದರೆ, ಟಾರ್ಕ್ 100ರ ಹತ್ತಿರ ಬರುತ್ತದೆ. 13 ಹಲ್ಲಿನ ಸ್ಪ್ರಾಕೆಟ್ಟಿನ ಪಿಚ್ ವ್ಯಾಸ (ಚೈನಿನ ಪಿನ್ನುಗಳು ಸುತ್ತುವ ವೃತ್ತದ ವ್ಯಾಸ) 53 ಮಿ.ಮೀ. ಮಾತ್ರ ಇದ್ದುದರಿಂದ ಚೈನಿನ ಮೇಲೆ ಸುಮಾರು 380 ಕೆ.ಜಿ. ಎಳೆತ ಬೀಳುತ್ತಿತ್ತು. ಆ ಅರ್ಧ ಇಂಚಿನ, ಅಂದರೆ 08ಬಿ ಅಳತೆಯ ಚೈನು ತುಂಡಾಗಲು 1,800 ಕೆ.ಜಿ. ಬೇಕು, ಹಾಗಾಗಿ ಅದು ತುಂಡಾಗಲಿಲ್ಲ, ಆದರೆ ಕೊಂಡಿಗಳ ಪಿನ್ನು ಮತ್ತು ಅದರ ಸುತ್ತಲಿನ ಬುಶ್ಶುಗಳು ಅತಿಯಾದ ಒತ್ತಡದಲ್ಲಿ ಬೇಗ ಸವೆದವು.

ಈ ಸಲ 10ಬಿ, ಅಂದರೆ 15.875 ಮಿ.ಮೀ. ಪಿಚ್ಚಿನ ಚೈನನ್ನು 17 ಮತ್ತು 51 ಹಲ್ಲಿನ ಸ್ಪ್ರಾಕೆಟ್ಟುಗಳೊಂದಿಗೆ ಆರಿಸಿದ್ದೇನೆ. ಎಲಿವೇಟರಿನ ವೇಗ ಮೊದಲಿನಂತೆ 24 ಆರ್‌ಪಿಎಂ. ಎಳೆತ 235 ಕೆ.ಜಿ.ಗೆ ಇಳಿಯಿತು. ಕಾಯಿ ಸಿಕ್ಕಿಕೊಂಡಾಗಿನ ಹೊಡೆತಕ್ಕೆಂದು ಅದನ್ನು 1.4ರಿಂದ ಗುಣಿಸಿದರೂ ಚೈನು ತುಂಡಾಗಲು ಬೇಕಾದ ಬಲ ಅದರ ಸುಮಾರು ಏಳು ಪಟ್ಟು ಇರುತ್ತದೆ, ಪಿನ್ನಿನ ಮೇಲಿನ ಒತ್ತಡ ಹಿಂದಿನದರ ಅರ್ಧಕ್ಕಿಂತ ಕಡಿಮೆ. ದೊಡ್ಡ ಸ್ಪ್ರಾಕೆಟ್ಟಿನ ವ್ಯಾಸ 258 ಮಿ.ಮೀ. ಆದ್ದರಿಂದ ತಗಡಿನ ಗಾರ್ಡನ್ನು ಹೊಸದಾಗಿ ಮಾಡಿಸಬೇಕಾಯಿತು. ಆ ಖರ್ಚು ಅನಿವಾರ್ಯ.

ಶಾಫ್ಟುಗಳ ಅಂತರವನ್ನು 40 ಪಿಚ್ ಎಂದು ಹಿಡಿದಾಗ ಉದ್ದ 114.7 ಕೊಂಡಿ ಬಂತು. ಬೆಸ ಸಂಖ್ಯೆಗೆ ಬೇಕಾಗುವ ಅರ್ಧ ಕೊಂಡಿಯೇ ಚೈನಿನ ದುರ್ಬಲ ಜಾಗವಾಗುವುದರಿಂದ 116ಕ್ಕೆ ಏರಿಸಿ, ಅಂತರವನ್ನು 645 ಮಿ.ಮೀ.ಗೆ ಹೊಂದಿಸಿದೆ. ಕೊಂಡಿಗಳು 116, ಚಿಕ್ಕ ಸ್ಪ್ರಾಕೆಟ್ಟಿನ ಹಲ್ಲುಗಳು 17, ಎರಡನ್ನೂ ಭಾಗಿಸುವ ಸಂಖ್ಯೆ 1 ಬಿಟ್ಟು ಬೇರೆ ಇಲ್ಲದ್ದರಿಂದ ಪ್ರತಿ ಹಲ್ಲಿಗೂ ಎಲ್ಲ ಕೊಂಡಿಗಳು ಸರದಿಯಲ್ಲಿ ಸಿಗುತ್ತವೆ, ಸವೆತ ಹಂಚಿಹೋಗುತ್ತದೆ.

ನಿನ್ನೆ ಸ್ಪ್ರಾಕೆಟ್ಟುಗಳ ಮುಖಕ್ಕೆ ದಾರ ಎಳೆದು ನೇರ ನೋಡಿ, ಚೈನು ಏರಿಸಿದೆ. ಜೋಡಣೆಯ ಕೊಂಡಿಯ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗಿದೆ. ಬಾಯಿ ತೆರೆದ ತುದಿ ಮುಂದಿದ್ದರೆ ಏನಾದರೂ ತಗುಲಿ ಕ್ಲಿಪ್ಪು ಕಳಚೀತು. ಗ್ರೀಸ್ ಹೊರಗೇ ಉಳಿದು ಪಿನ್ನಿನವರೆಗೆ ಇಳಿಯುವುದಿಲ್ಲವಾದ್ದರಿಂದ ಕೊಂಡಿಗಳ ಸಂದಿಗೆ ಬ್ರಷ್ಷಿನಿಂದ ಎಣ್ಣೆ ಹಚ್ಚಿದ್ದೇನೆ. 20 ಪಿಚ್ಚಿನ ಉದ್ದ ಈಗ 317.5 ಮಿ.ಮೀ. ಇದೆ. ಅದು 324ಕ್ಕೆ ಬಂದ ದಿನ, ಅಂದರೆ ಶೇ. 2ರಷ್ಟು ಹಿಗ್ಗಿದಾಗ, ಚೈನನ್ನು ಬದಲಿಸುತ್ತೇನೆ.