ಗೆರೆಯಾಚೆ ಕೂತು ಕಲಿತ ಆಟ

ನಮ್ಮ ಶಾಲೆಯ ಹಿಂಬದಿಯ ಸಿಮೆಂಟು ಅಂಗಳ ಈಗಲೂ ಹಾಗೇ ಇದೆಯಂತೆ. ಹ್ಯಾಂಡ್‌ಬಾಲ್‌ಗೆಂದು ಮಾಡಿದ್ದು ಅದು. ಉದ್ದ 40 ಮೀಟರ್, ಅಗಲ 20 ಮೀಟರ್. ನಾನು ಓದುತ್ತಿದ್ದಾಗ ಅಲ್ಲಿ ಹ್ಯಾಂಡ್‌ಬಾಲ್ ಆಡಿದ್ದು ಕಡಿಮೆ. ಬೆಳಿಗ್ಗೆ ಅಸೆಂಬ್ಲಿ, ಮಳೆಗಾಲದ ಸಂಜೆ ನಮ್ಮ ಫುಟ್ಬಾಲ್.

ಕಾಸರಗೋಡಿನ ನಮ್ಮ ಬದಿಯಡ್ಕ ಕಡೆಯ ಮಳೆ ಗೊತ್ತಲ್ವಾ? ಜೂನ್‌ನಲ್ಲಿ ಹಿಡಿದರೆ ದೊಡ್ಡ ಮೈದಾನಕ್ಕೆ ಕಾಲಿಡುವ ಹಾಗಿಲ್ಲ, ಕೆಂಪು ನೀರು ನಿಂತಿರುತ್ತದೆ. ನಮ್ಮ ಡ್ರಿಲ್ ಮಾಷ್ಟ್ರು ಮಳೆ ಬಿಟ್ಟ ಹೊತ್ತು ನೋಡಿ ಸೀಟಿ ಊದುತ್ತಿದ್ದರು. ನಾವು ಹಿಡಿಸೂಡಿ ತಂದು ಅಂಗಳದ ನೀರು ಗುಡಿಸುತ್ತಿದ್ದೆವು. ಆಮೇಲೆ ಆ ಕಡೆ ಐದು ಜನ, ಈ ಕಡೆ ಐದು ಜನ. ಚೆಂಡಿಗೆ ಗಾಳಿ ಸ್ವಲ್ಪ ಕಡಿಮೆ ತುಂಬುತ್ತಿದ್ದರು, ಸಿಮೆಂಟಿನ ಮೇಲೆ ಪುಟಿಯಬಾರದು ಎಂದು. ಮೇಲಕ್ಕೆ ಹೊಡೆದರೆ ಬೈಗುಳ. ಚೆಂಡನ್ನು ಪಾದದ ಅಡಿಯಲ್ಲಿ ಒತ್ತಿ ಹಿಡಿಯಬೇಕು, ಕೊಡಬೇಕು, ಓಡಬೇಕು.

ಆ ಆಟಕ್ಕೆ ಫುಟ್ಸಾಲ್ ಎಂಬ ಹೆಸರಿದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಮೇಷ್ಟ್ರು ಮಕ್ಕಳಿಗೆ ಒಳಾಂಗಣದಲ್ಲಿ ಆಡಲೆಂದು ಕಟ್ಟಿದ ಆಟವಂತೆ. ಅಂಗಳದ ಅಳತೆ ನಮ್ಮ ಹ್ಯಾಂಡ್‌ಬಾಲ್ ಅಂಗಳದ್ದೇ. ಗೋಲಿನ ಕಂಬವೂ ಅದೇ, 3 ಮೀಟರ್ ಅಗಲ, 2 ಮೀಟರ್ ಎತ್ತರ. ಅದನ್ನು ಓದಿದ ದಿನ ನನಗೆ ನಮ್ಮ ಅಂಗಳವೇ ಕಣ್ಣಿಗೆ ಕಟ್ಟಿತು.

ಮಾಷ್ಟ್ರು ತ್ರಿಕರಿಪುರದವರು. ಆ ಊರಿನವರಿಗೆ ಫುಟ್ಬಾಲ್ ಎಂದರೆ ಏನೆಂದು ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. 2016ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ತಲೆಯಿಂದ ಗೋಲು ಹೊಡೆದ ಮುಹಮ್ಮದ್ ರಾಫಿ ಅಲ್ಲಿಯವರೇ. ಮಾಷ್ಟ್ರೂ ಹರೆಯದಲ್ಲಿ ಗದ್ದೆಗಳಲ್ಲಿ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್ಬಾಲ್, ಆಡಿದವರು. ನಮ್ಮ ಕನ್ನಡ ಶಾಲೆಗೆ ಬಂದಾಗ ಅವರಿಗೆ ಕನ್ನಡ ಬರುತ್ತಿರಲಿಲ್ಲ. ಎರಡು ವರ್ಷದಲ್ಲಿ ನಮ್ಮ ಜೊತೆ ಜಗಳ ಆಡುವಷ್ಟು ಕಲಿತರು. ಪ್ರೀತಿ ಬಂದಾಗ ಮಾತ್ರ ಮಲಯಾಳದಲ್ಲಿ "ಮೋನೇ", ಮಗನೇ, ಎನ್ನುತ್ತಿದ್ದರು.

2010ರಲ್ಲಿ ನಾನು ಹತ್ತನೇ ತರಗತಿ. ಉಪಜಿಲ್ಲಾ ಪಂದ್ಯದಲ್ಲಿ ಒಬ್ಬ ಹುಡುಗನೂ ನಾನೂ ಒಟ್ಟಿಗೆ ಚೆಂಡಿಗೆ ಕಾಲು ಹಾಕಿದೆವು. ಯಾರ ತಪ್ಪೂ ಅಲ್ಲ. ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಮಂಗಳೂರಿಗೆ ಕರೆದುಕೊಂಡು ಹೋದರು, ರಾಡ್ ಹಾಕಿದರು. ಊರುಗೋಲು ಹಿಡಿದು ಶಾಲೆಗೆ ಬಂದದ್ದು ಎರಡು ತಿಂಗಳ ಮೇಲೆ. ಸಂಜೆ ಚೆಂಡಿನ ಸದ್ದು ಕೇಳಿದರೆ ಅಳು ಬರುತ್ತಿತ್ತು. ಹಾಗಾಗಿ ಬೆಲ್ಲು ಹೊಡೆದ ಕೂಡಲೇ ಬಸ್ ಸ್ಟಾಂಡಿಗೆ ಹೋಗಿಬಿಡುತ್ತಿದ್ದೆ.

ಮೂರನೇ ದಿನ ಮಾಷ್ಟ್ರು ಗೇಟಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಇನ್ನೂರು ಪುಟದ ಒಂದು ನೋಟ್ ಪುಸ್ತಕ. "ಇವತ್ತಿನಿಂದ ನಿನಗೆ ಕೆಲಸ ಉಂಟು" ಎಂದರು. ಅಂಗಳದ ಗೆರೆಯಾಚೆ ಒಂದು ಕುರ್ಚಿ ಹಾಕಿಸಿದ್ದರು, ಕಾಲು ಚಾಚಲು ಒಂದು ಬೆಂಚು. "ಚೆಂಡನ್ನು ನೋಡ್ಬೇಡ. ಅದನ್ನು ಎಲ್ಲರೂ ನೋಡ್ತಾರೆ. ಚೆಂಡು ಇಲ್ಲದ ನಾಲ್ಕು ಜನ ಎಲ್ಲಿಗೆ ಹೋಗ್ತಾರೆ, ಅದನ್ನು ಬರಿ."

ಆ ಪುಸ್ತಕ ನನ್ನ ಹತ್ತಿರ ಈಗಲೂ ಇದೆ. ರಟ್ಟು ಕಿತ್ತುಹೋಗಿದೆ. ಪುಟಕ್ಕೊಂದು ಚೌಕ, ಒಳಗೆ ನೀಲಿ ಶಾಯಿಯ ಐದು ಸೊನ್ನೆ, ಕೆಂಪು ಶಾಯಿಯ ಐದು ಸೊನ್ನೆ, ಬಾಣದ ಗುರುತು. ಕೆಲವು ಕಡೆ ಮಳೆ ಹನಿ ಬಿದ್ದು ಶಾಯಿ ಹರಡಿದೆ. ಒಂದು ಪುಟದಲ್ಲೂ ಚೆಂಡು ಬರೆದಿಲ್ಲ. ಹದಿನೇಳನೇ ಪುಟದಲ್ಲಿ ಮಾಷ್ಟ್ರು ಅಂಕುಡೊಂಕು ಕನ್ನಡ ಅಕ್ಷರದಲ್ಲಿ ಬರೆದಿದ್ದಾರೆ: "ಇದು ಸರಿ. ನಾಳೆ ನೀನೇ ಅವರಿಗೆ ಹೇಳು." ಮರುದಿನ ನಾನು ಹೇಳಿದೆ. ಗೆಳೆಯರು ಕೇಳಿದರು, ಹಾಗೇ ಆಡಿದರು. ಎರಡು ಗೋಲು ಆಯಿತು. ಆಡುತ್ತಿದ್ದಾಗಲೂ ಅಷ್ಟು ಖುಷಿ ನನಗೆ ಆಗಿರಲಿಲ್ಲ.

ಇದೆಲ್ಲ ಈಗ ಬರೆಯಲು ಕಾರಣ ಒಬ್ಬ ಆಟಗಾರ. 2021ರ ಅಕ್ಟೋಬರ್‌ನಲ್ಲಿ ಲಿಥುವೇನಿಯಾದ ಕೌನಸ್‌ನಲ್ಲಿ ಫುಟ್ಸಾಲ್ ವಿಶ್ವಕಪ್ ಫೈನಲ್ ನಡೆಯಿತು, ಅರ್ಜೆಂಟೀನಾಕ್ಕೂ ಪೋರ್ಚುಗಲ್‌ಗೂ. ನಾನು ಫೋನಿನಲ್ಲಿ ನೋಡುತ್ತಿದ್ದೆ. ಅರ್ಜೆಂಟೀನಾದ ಕೋಚ್ ಗೆರೆಯಾಚೆ ನಿಂತಿದ್ದರು, ಆಟಗಾರರಿಗಿಂತ ಹೆಚ್ಚೇನೂ ವಯಸ್ಸಾದವರಲ್ಲ. ಮತಿಯಾಸ್ ಲುಕುಯಿಕ್ಸ್. ಯಾರಿವರು ಎಂದು ಸುಮ್ನೆ ಹುಡುಕಿದೆ. ಸ್ಪೇನ್‌ನ ಇಂಟರ್ ಮೂವಿಸ್ಟಾರ್ ತಂಡದಲ್ಲಿ ಆಡಿದವರು, ಅರ್ಜೆಂಟೀನಾ ತಂಡದ ದೊಡ್ಡ ಭರವಸೆ. 2012ರಲ್ಲಿ ಥಾಯ್ಲೆಂಡಿನ ವಿಶ್ವಕಪ್‌ನಲ್ಲಿ ಆಡುವಾಗಲೇ ಕಾಲಿನ ಎಲುಬು ಮುರಿಯಿತು. ಆಗ ಅವರಿಗೆ ಮೂವತ್ತೂ ಆಗಿರಲಿಲ್ಲ. ಮತ್ತೆ ಮೊದಲಿನ ಹಾಗೆ ಆಡಲು ಆಗಲಿಲ್ಲ, ತರಬೇತಿಗೆ ಇಳಿದರು.

ಓದುತ್ತಾ ನನ್ನ ಕೈ ತಾನಾಗಿ ಮೊಣಕಾಲಿನ ಕೆಳಗೆ ಹೋಯಿತು.

ಅವರಿಗಿಂತ ಮೊದಲು ಕೋಚ್ ಆಗಿದ್ದ ಡಿಯೆಗೊ ಜಿಯುಸ್ತೊಜ್ಜಿ ಕೂಡ ಅರ್ಜೆಂಟೀನಾಕ್ಕೆ ಆಡಿದವರೇ. 2016ರಲ್ಲಿ ಕೊಲಂಬಿಯಾದಲ್ಲಿ ಅವರ ತಂಡ ಫೈನಲ್‌ನಲ್ಲಿ ರಷ್ಯಾವನ್ನು 5-4ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತ್ತು. ಗೆದ್ದ ತಂಡವನ್ನು ವಹಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ಲುಕುಯಿಕ್ಸ್ 2021ರಲ್ಲಿ ಸೆಮಿಫೈನಲ್‌ನಲ್ಲಿ ಬ್ರೆಜಿಲನ್ನೇ ದಾಟಿಸಿ ತಂಡವನ್ನು ಫೈನಲ್‌ಗೆ ತಂದರು. ಅಲ್ಲಿ 2-1ರಿಂದ ಸೋತರು, ಪೋರ್ಚುಗಲ್‌ನ ಎರಡೂ ಗೋಲು ಪಾನಿ ವಾರೆಲಾ ಅವರದ್ದು. 2022ರಲ್ಲಿ ದಕ್ಷಿಣ ಅಮೆರಿಕದ ಫುಟ್ಸಾಲ್ ಕಪ್ ಆದ ಕೋಪಾ ಅಮೆರಿಕ ಗೆದ್ದರು. 2024ರಲ್ಲಿ ತಾಷ್ಕೆಂಟ್‌ನಲ್ಲಿ ಮತ್ತೆ ವಿಶ್ವಕಪ್ ಫೈನಲ್, ಮತ್ತೆ 2-1ರ ಸೋಲು, ಈ ಸಲ ಬ್ರೆಜಿಲ್ ಎದುರು.

ಇರಾನಿನ ವಾಹಿದ್ ಶಂಸಾಯಿ ಕೂಡ ಆಟಗಾರರಾಗಿದ್ದು ರಾಷ್ಟ್ರೀಯ ತಂಡದ ಕೋಚ್ ಆದವರು. ದೇಶಕ್ಕಾಗಿ 392 ಗೋಲು ಹೊಡೆದು, ಕೋಚ್ ಆಗಿ 2024ರಲ್ಲಿ ಏಷ್ಯಾ ಕಪ್ ಗೆಲ್ಲಿಸಿದವರು. ಅವರ ದಾರಿಯೂ ದೊಡ್ಡದೇ. ಆದರೆ ನನ್ನ ಮನಸ್ಸು ನಿಲ್ಲುವುದು ಲುಕುಯಿಕ್ಸ್ ಹತ್ತಿರ. ಎರಡು ಸಲ ಕಪ್ಪಿನ ಹತ್ತಿರ ಹೋಗಿ ಸೋತರೂ ನನಗೆ ಅವರೇ ಜಾಸ್ತಿ.

ಫುಟ್ಸಾಲ್‌ನಲ್ಲಿ ಕೋಚ್‌ಗೆ ಕೆಲಸ ಬಹಳ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಆಟ ನಿಲ್ಲಬೇಕಾಗಿಲ್ಲ. 20 ನಿಮಿಷದ ಎರಡು ಅವಧಿ, ಚೆಂಡು ಹೊರಗೆ ಹೋದರೆ ಗಡಿಯಾರ ನಿಲ್ಲುತ್ತದೆ. ಪ್ರತಿ ಅವಧಿಯಲ್ಲಿ ಒಂದು ನಿಮಿಷದ ಟೈಮ್ ಔಟ್ ಕೇಳಬಹುದು. ಹಿಂದೆ ಬಿದ್ದರೆ ಗೋಲ್‌ಕೀಪರನ್ನು ತೆಗೆದು ಐದನೆಯವನನ್ನೂ ಮುಂದಕ್ಕೆ ಬಿಡಬಹುದು, ಹಿಂದೆ ಖಾಲಿ ಗೋಲು. ಇದನ್ನೆಲ್ಲ ಹೊರಗೆ ನಿಂತವರೇ ಲೆಕ್ಕ ಹಾಕಬೇಕು.

ನಮ್ಮ ದೇಶದ ಫುಟ್ಸಾಲ್ ತಂಡ ಮೊದಲ ಸಲ ಅಂಗಳಕ್ಕೆ ಇಳಿದದ್ದು 2023ರಲ್ಲಿ. ನಮ್ಮೂರ ಕಡೆ ಈಗ ಟರ್ಫ್‌ಗಳು, ಕೃತಕ ಹುಲ್ಲಿನ ಅಂಗಳಗಳು, ಬಂದಿವೆ. ನಾನು ಶನಿವಾರ, ಭಾನುವಾರ ಕುಂಬಳೆ ಹತ್ತಿರದ ಒಂದು ಟರ್ಫ್‌ನಲ್ಲಿ ಹನ್ನೆರಡು ಮಕ್ಕಳಿಗೆ ಕಲಿಸುತ್ತೇನೆ. ಯಾರಿಗಾದರೂ ಜ್ವರವೋ ಗಾಯವೋ ಆಗಿ ಆಡಲಾಗದಿದ್ದರೆ ಅವರ ಕೈಗೆ ಒಂದು ಪುಸ್ತಕ ಕೊಡುತ್ತೇನೆ.

ಕಳೆದ ವರ್ಷ ಮಾಷ್ಟ್ರನ್ನು ನೋಡಲು ತ್ರಿಕರಿಪುರಕ್ಕೆ ಹೋಗಿದ್ದೆ. ನಿವೃತ್ತಿ ಆಗಿ ವರ್ಷಗಳಾದವು. ಜಗಲಿಯಲ್ಲಿ ಕೂತಿದ್ದರು, ಕಣ್ಣಿಗೆ ದಪ್ಪ ಕನ್ನಡಕ. ಚಹಾ ಕುಡಿದ ಮೇಲೆ ಲುಕುಯಿಕ್ಸ್ ಕತೆ ಹೇಳಿ, ತಾಷ್ಕೆಂಟ್ ಫೈನಲ್‌ನ ಒಂದು ತುಣುಕು ಫೋನಿನಲ್ಲಿ ತೋರಿಸಿದೆ. ಮಾತಾಡದೆ ನೋಡಿದರು. "ಇನ್ನೊಮ್ಮೆ ಹಾಕು" ಎಂದರು. ಹಾಕಿದೆ. ಈ ಸಲ ಫೋನನ್ನು ತಮ್ಮ ಕೈಗೆ ತೆಗೆದುಕೊಂಡರು. ಚೆಂಡು ಹೋದ ಕಡೆಗೆಲ್ಲ ಅದರ ಮೇಲೆ ಹೆಬ್ಬೆರಳು ಅಡ್ಡ ಹಿಡಿದು, ನನ್ನ ಕಡೆ ತಿರುಗಿಸಿದರು.

"ಈಗ ನೋಡು ಮೋನೇ" ಎಂದರು.