ಇಂಟರಪ್ಟ್ ಕೋಡನ್ನು ಎಲ್ಲ ಡ್ರೈವರ್‌ಗಳೂ ಹಂಚಿಕೊಳ್ಳಬಾರದೇ?

ಸುರತ್ಕಲ್, ಮಣಿಪಾಲ, ನಿಟ್ಟೆಯ ಕಾಲೇಜುಗಳಿಂದ ನಮ್ಮಲ್ಲಿಗೆ ಇಂಟರ್ನ್‌ಶಿಪ್‌ಗೆ ಬರುವ ಮಕ್ಕಳು ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಎರಡು ಮೂರು ಡ್ರೈವರ್ (ಒಂದೊಂದು ಡಿವೈಸನ್ನು ನಡೆಸುವ ಕೋಡ್) ಓದುವಷ್ಟರಲ್ಲಿ ಇಂಟರಪ್ಟ್‌ಗಳ (ಡಿವೈಸ್ ಸಿಪಿಯುವನ್ನು ಕರೆಯುವ ಸಂಕೇತಗಳ) ಬಗ್ಗೆ ಈ ಪ್ರಶ್ನೆ ಹಿಡಿದುಕೊಂಡು ಬಂದೇ ಬರುತ್ತಾರೆ. "ಸರ್, ಎಲ್ಲದರಲ್ಲೂ ಅದೇ ಉಂಟಲ್ಲ? ಚಿಪ್‌ನ ಸ್ಥಿತಿ ಹೇಳುವ ಸ್ಟೇಟಸ್ ರಿಜಿಸ್ಟರ್ ಓದುವುದು, ಬಿಟ್ ನೋಡುವುದು, ಕ್ಲಿಯರ್ ಮಾಡುವುದು, ಆಮೇಲೆ ಕೆಲಸ. ಇದನ್ನು ಒಂದು ಸಲ ಬರೆದು ಎಲ್ಲ ಡ್ರೈವರ್‌ಗಳಿಗೂ ಕೊಟ್ಟರೆ ಆಗುವುದಿಲ್ಲವಾ?"

ನನ್ನ ಉತ್ತರ: ಹಂಚಿಕೊಳ್ಳಬಹುದಾದದ್ದರಲ್ಲಿ ಬಹುಪಾಲು ಈಗಾಗಲೇ ಹಂಚಿಕೆಯಾಗಿದೆ. ಡ್ರೈವರ್‌ನಲ್ಲಿ ಕಾಣುತ್ತಿರುವುದು ಅದರ ನಂತರ ಉಳಿದದ್ದು. ಉಳಿದದ್ದರಲ್ಲೂ ಸ್ವಲ್ಪ ಹಂಚಬಹುದು. ಆದರೆ "ಈ ಇಂಟರಪ್ಟ್ ನನ್ನದೇ?" ಎಂಬ ಪ್ರಶ್ನೆಗೆ ಉತ್ತರ ಹೇಳುವ ಕೆಲಸವನ್ನು ಡ್ರೈವರ್‌ನ ಕೈಯಿಂದ ಕಿತ್ತುಕೊಳ್ಳಬಾರದು.

ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಏನಾಗುತ್ತದೆ ಎಂಬುದನ್ನು ಲಿನಕ್ಸ್ ಒಮ್ಮೆ ಕಂಡಿದೆ. ಮೊದಲು ಅಲ್ಲಿ __ಡು_ಐಆರ್‌ಕ್ಯೂ ಎಂಬ ಒಂದು ಫಂಕ್ಷನ್ ಇತ್ತು (ಐಆರ್‌ಕ್ಯೂ ಎಂದರೆ ಇಂಟರಪ್ಟ್ ರಿಕ್ವೆಸ್ಟ್). ಲೆವೆಲ್ ಇಂಟರಪ್ಟ್ (ಕೆಲಸ ಆಗುವವರೆಗೆ ಲೈನ್ ಎದ್ದೇ ಇರುವಂಥದ್ದು) ಇರಲಿ, ಎಡ್ಜ್ ಇಂಟರಪ್ಟ್ (ಲೈನ್ ಬದಲಾದ ಕ್ಷಣ ಮಾತ್ರ ಹೇಳುವಂಥದ್ದು) ಇರಲಿ, ಯಾವ ಕಂಟ್ರೋಲರ್ (ಇಂಟರಪ್ಟ್‌ಗಳನ್ನು ಸಿಪಿಯುಗೆ ತಲುಪಿಸುವ ಚಿಪ್) ಇರಲಿ, ಎಲ್ಲವೂ ಅದರೊಳಗಿಂದಲೇ ಹಾಯ್ದು ಹೋಗಬೇಕಿತ್ತು. ಎಆರ್‌ಎಂ ಚಿಪ್‌ಗಳ ಕೆಲಸ ಮಾಡುತ್ತಿದ್ದ ರಸೆಲ್ ಕಿಂಗ್ ಲೆವೆಲ್, ಎಡ್ಜ್, ಸಿಂಪಲ್ ಎಂದು ಬೇರೆ ಬೇರೆ ಬಗೆಗಳನ್ನು ಗುರುತಿಸಿದರು. ಅದೇ ದಾರಿಯಲ್ಲಿ ಥಾಮಸ್ ಗ್ಲೈಕ್ಸ್ನರ್ ಮತ್ತು ಇಂಗೋ ಮೊಲ್ನಾರ್ ಕಟ್ಟಿದ ಜೆನೆರಿಕ್ ಐಆರ್‌ಕ್ಯೂ ಪದರ 2006ರಲ್ಲಿ, 2.6.18ರ ಆವೃತ್ತಿಯಲ್ಲಿ ಕರ್ನಲ್ ಸೇರಿತು. ಯಾವ ಕ್ರಮದಲ್ಲಿ ಮಾಸ್ಕ್ ಮಾಡಬೇಕು (ಇಂಟರಪ್ಟನ್ನು ತಡೆದಿಡಬೇಕು), ಯಾವಾಗ ಕಂಟ್ರೋಲರ್‌ಗೆ ಅಕ್ನಾಲೆಜ್ (ತಲುಪಿತು ಎಂಬ ಉತ್ತರ) ಕೊಡಬೇಕು ಎಂಬುದು ಒಂದು ಕಡೆ. ಕಂಟ್ರೋಲರ್ ಚಿಪ್‌ನ ರಿಜಿಸ್ಟರ್‌ಗಳನ್ನು ಮುಟ್ಟುವುದು ಇನ್ನೊಂದು ಕಡೆ. ಡಿವೈಸ್‌ನ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ, ಡ್ರೈವರ್‌ನ ಫಂಕ್ಷನ್) ಮೂರನೆಯ ಕಡೆ. ಇಂದು ಡ್ರೈವರ್ ಬರೆಯುವವರು ಮೊದಲ ಎರಡನ್ನು ಯೋಚಿಸದೆಯೇ ಇರಬಹುದು. ಇದು ನನ್ನ ಕಣ್ಣಿಗೆ ಕರ್ನಲ್‌ನ ಅತ್ಯಂತ ಸುಂದರ ವಿಂಗಡಣೆಗಳಲ್ಲಿ ಒಂದು. ದೊಡ್ಡ ಫಂಕ್ಷನನ್ನು ಒಡೆದದ್ದರಿಂದಲೇ ಹಂಚಿಕೆ ಹೆಚ್ಚಿತು ಎಂಬುದನ್ನು ಗಮನಿಸಿ.

ಇನ್ನು ಆ ಮೂರನೆಯ ಭಾಗ.

ಮಂಗಳೂರು ಆಸ್ಪತ್ರೆಗಳ ಊರು, ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ. ಜನರಲ್ ವಾರ್ಡಿನ ಹಾಸಿಗೆಗಳಿಗೆಲ್ಲ ಸೇರಿ ಒಂದೇ ಗಂಟೆ ಇದೆ ಎಂದುಕೊಳ್ಳಿ. ಗಂಟೆ ಹೊಡೆದರೆ ನರ್ಸ್ ಪ್ರತಿ ಹಾಸಿಗೆಗೂ ಹೋಗಿ "ನೀವು ಕರೆದದ್ದಾ?" ಎಂದು ಕೇಳಲೇಬೇಕು. ಕರೆದವರ ಕೆಲಸ ಆಗುವವರೆಗೆ ಗಂಟೆ ನಿಲ್ಲುವುದೂ ಇಲ್ಲ. ಕಂಪ್ಯೂಟರ್‌ಗೆ ಸಿಕ್ಕಿಸುವ ಹಳೆಯ ಪಿಸಿಐ ಕಾರ್ಡ್‌ಗಳ ಇಂಟರಪ್ಟ್ ಲೈನ್ ಹೀಗೆಯೇ ಇತ್ತು. ಒಂದೇ ಲೈನಿನಲ್ಲಿ ನೆಟ್‌ವರ್ಕ್ ಕಾರ್ಡ್, ಸೌಂಡ್ ಕಾರ್ಡ್, ಯುಎಸ್‌ಬಿ ಎಲ್ಲ ಇರಬಹುದಿತ್ತು. ಲೈನ್ ಎದ್ದಾಗ ಕರ್ನಲ್ ಅದರಲ್ಲಿರುವ ಪ್ರತಿಯೊಂದು ಹ್ಯಾಂಡ್ಲರನ್ನೂ ಕರೆಯುತ್ತದೆ. ತನ್ನದಾದರೆ ಐಆರ್‌ಕ್ಯೂ_ಹ್ಯಾಂಡಲ್ಡ್, ಅಲ್ಲದಿದ್ದರೆ ಐಆರ್‌ಕ್ಯೂ_ನನ್ ಎಂದು ಅದು ಉತ್ತರಿಸಬೇಕು. ಒಂದು ಲಕ್ಷ ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚಿನವಕ್ಕೆ ಯಾರೂ "ನನ್ನದು" ಎನ್ನದಿದ್ದರೆ, ಯಾರೂ ಕೇಳುವವರಿಲ್ಲ ಎಂಬ ಸಂದೇಶ ಬರೆದು ಕರ್ನಲ್ ಆ ಲೈನನ್ನೇ ಮುಚ್ಚುತ್ತದೆ. ಅದೇ ಲೈನಿನಲ್ಲಿದ್ದ ಒಳ್ಳೆಯ ಡಿವೈಸ್‌ಗಳೂ ಆಗ ಕುಂಟುತ್ತವೆ.

ಮಲ್ಪೆಯ ಮಂಜುಗಡ್ಡೆ ಕಾರ್ಖಾನೆಯೊಂದಕ್ಕೆ ಉಷ್ಣತೆ ದಾಖಲಿಸುವ ಬೋರ್ಡ್ ಮಾಡುವಾಗ ಇದರ ಬೆಲೆ ಚೆನ್ನಾಗಿ ಕಂಡಿತು. ಪವರ್ ಚಿಪ್, ಗಡಿಯಾರದ ಚಿಪ್, ಜಿಪಿಐಒ ಎಕ್ಸ್‌ಪಾಂಡರ್ (ಹೆಚ್ಚುವರಿ ಪಿನ್‌ಗಳನ್ನು ಕೊಡುವ ಚಿಪ್) ಮೂರೂ ಐ2ಸಿ ಬಸ್‌ನಲ್ಲಿ (ಚಿಪ್‌ಗಳನ್ನು ಜೋಡಿಸುವ ಎರಡು ತಂತಿಯ ನಿಧಾನ ಸಂಪರ್ಕದಲ್ಲಿ), ಮೂರಕ್ಕೂ ಒಂದೇ ಇಂಟರಪ್ಟ್ ಲೈನ್. ಬೋರ್ಡ್ ಓಡುತ್ತಿತ್ತು, ಆದರೆ ಸಿಪಿಯು ಸದಾ ಬಿಸಿ. ಎರವಲು ಬಂದಿದ್ದ ಒಂದು "ಕಾಮನ್ ಹ್ಯಾಂಡ್ಲರ್" ಏನೇ ಆದರೂ ಹ್ಯಾಂಡಲ್ಡ್ ಎಂದೇ ಉತ್ತರಿಸುತ್ತಿತ್ತು. ಅದು ಸ್ಟೇಟಸ್ ನೋಡಿ ನಿಜ ಹೇಳುವಂತೆ ಬರೆದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಕರ್ನಲ್ ಲೈನ್ ಮುಚ್ಚಿ ಸಂದೇಶ ಕೊಟ್ಟಿತು. ಗಡಿಯಾರದ ಚಿಪ್‌ನಲ್ಲಿ ಬೂಟ್‌ಲೋಡರ್ (ಕರ್ನಲನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ) ಬಿಟ್ಟುಹೋದ ಅಲಾರಂ ಬಿಟ್ ಲೈನನ್ನು ಎಳೆದು ಹಿಡಿದಿತ್ತು. ಆ ಚಿಪ್‌ನ ಡ್ರೈವರೇ ಕರ್ನಲ್‌ನಲ್ಲಿ ಸೇರಿರಲಿಲ್ಲ. "ನನ್ನದಲ್ಲ" ಎಂಬ ಪ್ರಾಮಾಣಿಕ ಉತ್ತರ ಇಲ್ಲದಿದ್ದರೆ ದೋಷ ಕಾಣುವುದೇ ಇಲ್ಲ.

"ಸರಿ, ಸ್ಟೇಟಸ್ ಓದಿ ನಿಜ ಹೇಳುವ ಕೋಡನ್ನೇ ಕಾಮನ್ ಮಾಡೋಣ" ಎನ್ನುತ್ತಾರೆ ಮಕ್ಕಳು. ಓದುವುದು ಎಲ್ಲ ಚಿಪ್‌ಗಳಲ್ಲೂ ಒಂದೇ ಅಲ್ಲ. 16550 ಸೀರಿಯಲ್ ಚಿಪ್‌ನಲ್ಲಿ ಲೈನ್ ಸ್ಟೇಟಸ್ ರಿಜಿಸ್ಟರ್ ಓದಿದರೆ ಅದರಲ್ಲಿನ ದೋಷದ ಬಿಟ್‌ಗಳು ಅಳಿಸಿಹೋಗುತ್ತವೆ. ಎಂಸಿಪಿ23017 ಎಕ್ಸ್‌ಪಾಂಡರ್‌ನಲ್ಲಿ ಪಿನ್‌ಗಳ ಮೌಲ್ಯ ಓದಿದರೇ ಇಂಟರಪ್ಟ್ ಇಳಿಯುತ್ತದೆ. ಬೇರೆ ಚಿಪ್‌ಗಳಲ್ಲಿ 1 ಬರೆದರೆ ಬಿಟ್ ಅಳಿಯುತ್ತದೆ, ಕೆಲವದರಲ್ಲಿ 0 ಬರೆಯಬೇಕು. ಕ್ರಮವೂ ಮುಖ್ಯ: ಘಟನೆಯನ್ನು ಹಿಡಿದಿಡುವ ಚಿಪ್‌ನಲ್ಲಿ ಮೊದಲು ಬಿಟ್ ಅಳಿಸಿ ಆಮೇಲೆ ಕೆಲಸ ಮಾಡಬೇಕು. ತಿರುಗಿಸಿ ಮಾಡಿದರೆ ನಡುವೆ ಬಂದ ಹೊಸ ಘಟನೆ ಹಳೆಯದರ ಜೊತೆ ಅಳಿದುಹೋಗುತ್ತದೆ. ಪಿಸಿಐಯಲ್ಲಿ ಬರೆದದ್ದು ಡಿವೈಸ್‌ಗೆ ತಡವಾಗಿ ತಲುಪಬಹುದು, ಹಾಗಾಗಿ ಬರೆದ ಮೇಲೆ ಒಮ್ಮೆ ಓದಿ ಅದನ್ನು ತಲುಪಿಸಬೇಕಾದ ಸಂದರ್ಭಗಳಿವೆ. ಮೂರು ಸಾಲಿನ ಕೋಡ್ ನೋಡಲು ಒಂದೇ ತರ ಕಂಡರೂ ಪ್ರತಿ ಸಾಲಿನ ಹಿಂದೆ ಒಂದು ಡೇಟಾಶೀಟ್ (ಚಿಪ್‌ನ ವಿವರ ಪುಸ್ತಿಕೆ) ಇದೆ.

ಹಾಗಾದರೆ ಹಂಚುವುದು ಎಲ್ಲಿ? ಹಾರ್ಡ್‌ವೇರ್‌ನ ಆಕಾರವೇ ನಿಜವಾಗಿ ಒಂದಾಗಿರುವಲ್ಲಿ. ಪವರ್ ಮ್ಯಾನೇಜ್‌ಮೆಂಟ್ ಚಿಪ್‌ಗಳನ್ನು ನೋಡಿ: ಕೆಲವು ಸ್ಟೇಟಸ್ ರಿಜಿಸ್ಟರ್, ಕೆಲವು ಮಾಸ್ಕ್ ರಿಜಿಸ್ಟರ್, ಅಕ್ನಾಲೆಜ್‌ಗೆ ಕೆಲವು ಆಕ್ ರಿಜಿಸ್ಟರ್, ಅಷ್ಟೇ. ಒಂದು ಕಾಲದಲ್ಲಿ ಟಿಪಿಎಸ್65910ರಂಥ ಚಿಪ್‌ಗಳಿಗೆ ಒಂದೊಂದು ಇಂಟರಪ್ಟ್ ಫೈಲ್ ಇತ್ತು, ಒಳಗಿದ್ದದ್ದು ಹೆಚ್ಚುಕಡಿಮೆ ಒಂದೇ ಕೋಡ್. ಈಗ ಅದಕ್ಕೆ ರೆಗ್‌ಮ್ಯಾಪ್-ಐಆರ್‌ಕ್ಯೂ ಎಂಬ ಕಾಮನ್ ಕೋಡ್ ಇದೆ. ಡ್ರೈವರ್ ಒಂದು ಕೋಷ್ಟಕ ತುಂಬಿಕೊಡುತ್ತದೆ. ಸ್ಟೇಟಸ್ ಓದಿ, ಮಾಸ್ಕ್ ಕಳೆದು, ಒಳಗಿನ ಇಂಟರಪ್ಟ್‌ಗಳಿಗೆ ಹಂಚಿ, ಯಾವುದೂ ಇಲ್ಲದಿದ್ದರೆ ಐಆರ್‌ಕ್ಯೂ_ನನ್ ಹೇಳುವುದು ಕಾಮನ್ ಕೋಡ್‌ನ ಕೆಲಸ. ಐ2ಸಿಯಲ್ಲಿ ಓದಲು ಕಾಯಬೇಕಾದ್ದರಿಂದ ಇದೆಲ್ಲ ಥ್ರೆಡ್‌ನಲ್ಲಿ (ಕಾಯಲು ಅವಕಾಶವಿರುವ ಪ್ರತ್ಯೇಕ ಎಳೆಯಲ್ಲಿ) ನಡೆಯುತ್ತದೆ. 2009ರಲ್ಲಿ 2.6.30ಕ್ಕೆ ಬಂದ ಥ್ರೆಡೆಡ್ ಇಂಟರಪ್ಟ್ ಅದಕ್ಕೆ ಅಡಿಪಾಯ. ಆದರೂ ಆ ಕೋಷ್ಟಕದಲ್ಲಿ ಆಕ್_ಇನ್ವರ್ಟ್, ಕ್ಲಿಯರ್_ಆನ್_ಅನ್‌ಮಾಸ್ಕ್ ಎಂಬಂಥ ಆಯ್ಕೆಗಳು ಸಿಗುತ್ತವೆ. ಚಿಪ್‌ಗಳ ಹಟಗಳೆಲ್ಲ ಅಲ್ಲಿ ಒಂದೊಂದು ಫ್ಲ್ಯಾಗ್ ಆಗಿ ಕೂತಿವೆ. ಫ್ಲ್ಯಾಗ್‌ಗಳು ಕೆಲವೇ ಇದ್ದು, ಪ್ರತಿಯೊಂದೂ ನಾಲ್ಕಾರು ಚಿಪ್‌ಗಳಿಗೆ ಬೇಕಾಗುವವರೆಗೆ ಈ ದಾರಿ ಸರಿ. ಒಂದು ಚಿಪ್‌ಗೆ ಒಂದು ಫ್ಲ್ಯಾಗ್ ಸೇರಿಸುವ ಸ್ಥಿತಿ ಬಂದರೆ ಕಾಮನ್ ಕೋಡನ್ನು ಓದುವುದು ಹತ್ತು ಡ್ರೈವರ್ ಓದುವುದಕ್ಕಿಂತ ಕಷ್ಟವಾಗುತ್ತದೆ.

ನನಗೆ ಹೆಚ್ಚು ಇಷ್ಟವಾದ ಮಾದರಿ ಸೀರಿಯಲ್ ಡ್ರೈವರ್‌ಗಳದ್ದು. 8250 ಕುಟುಂಬದ ಚಿಪ್‌ಗಳಿಗೆಲ್ಲ ಸೀರಿಯಲ್8250_ಹ್ಯಾಂಡಲ್_ಐಆರ್‌ಕ್ಯೂ ಎಂಬ ಫಂಕ್ಷನ್ ಸಿದ್ಧವಿದೆ. ಸಿನಾಪ್ಸಿಸ್ ಕಂಪನಿಯ ಡಿಸೈನ್‌ವೇರ್ ಯುಎಆರ್‌ಟಿಗೆ (ಸೀರಿಯಲ್ ಚಿಪ್‌ಗೆ) ಮಾತ್ರ "ಬ್ಯುಸಿ" ಎಂಬ ಇನ್ನೊಂದು ಇಂಟರಪ್ಟ್ ಇದೆ, ಅದು ಇಳಿಯಬೇಕಾದರೆ ಅದರದೇ ಸ್ಟೇಟಸ್ ರಿಜಿಸ್ಟರ್ ಓದಬೇಕು. ಅದಕ್ಕಾಗಿ ಈಗ ಕಾಮನ್ ಕೋಡ್‌ನಲ್ಲಿ ಫ್ಲ್ಯಾಗ್ ಇಲ್ಲ. 8250_ಡಿಡಬ್ಲ್ಯು ಡ್ರೈವರ್ ತನ್ನದೇ ಹ್ಯಾಂಡ್ಲರ್ ಇಟ್ಟುಕೊಂಡು, ಸಾಮಾನ್ಯ ಕೆಲಸಕ್ಕೆ ಆ ಸಿದ್ಧ ಫಂಕ್ಷನನ್ನು ಕರೆಯುತ್ತದೆ, ಬ್ಯುಸಿ ಇಂಟರಪ್ಟನ್ನು ತಾನೇ ನೋಡಿಕೊಳ್ಳುತ್ತದೆ. ಇಲ್ಲಿ ಯಜಮಾನಿಕೆ ಡ್ರೈವರ್‌ನದು. ಕಾಮನ್ ಕೋಡ್ ಡ್ರೈವರನ್ನು ಕರೆಯುವುದಕ್ಕಿಂತ ಡ್ರೈವರ್ ಕಾಮನ್ ಕೋಡನ್ನು ಕರೆಯುವುದು ಒಳ್ಳೆಯದು ಎಂದು ನಾನು ಪಟ್ಟು ಹಿಡಿದು ಹೇಳುವುದು ಇದಕ್ಕಾಗಿಯೇ.

ಎಂಎಸ್‌ಐ (ಲೈನಿನ ಬದಲು ಸಂದೇಶವಾಗಿ ಬರುವ ಇಂಟರಪ್ಟ್) ಬಂದ ಮೇಲೆ ಇದೆಲ್ಲ ಬೇಕೇ ಎಂದು ಕೇಳುವವರೂ ಇದ್ದಾರೆ. ಎಂಎಸ್‌ಐ-ಎಕ್ಸ್‌ನಲ್ಲಿ ಒಂದು ಡಿವೈಸ್‌ಗೆ 2048ರವರೆಗೆ ಬೇರೆ ಬೇರೆ ಇಂಟರಪ್ಟ್‌ಗಳು ಸಿಗಬಹುದು, ಲೈನ್ ಹಂಚುವ ತಾಪತ್ರಯ ಅಲ್ಲಿ ಇಲ್ಲ. ಆದರೆ ನಮ್ಮ ಕೈಯಲ್ಲಿರುವ ಸಣ್ಣ ಬೋರ್ಡ್‌ಗಳಲ್ಲಿ ಐ2ಸಿ ಚಿಪ್‌ಗಳು ಇಂದಿಗೂ ಒಂದೇ ಲೈನಿಗೆ ಜೋತುಬಿದ್ದಿವೆ.

ಹಾಗಾಗಿ ಬಂದವರಿಗೆ ನಾನು ಮೊದಲು ಕೊಡುವ ಕೆಲಸ ಹೀಗೆ: ಹ್ಯಾಂಡ್ಲರನ್ನು ಪೂರ್ತಿ ನೀವೇ ಬರೆಯಿರಿ. ಅದೇ ಆಕಾರದ ಮೂರನೆಯ ಚಿಪ್ ಬಂದಾಗ ಮಾತ್ರ ಸಮಾನವಾದದ್ದನ್ನು ಹೊರಗೆ ತೆಗೆಯಿರಿ. ಲೈನ್ ಹಂಚಿಕೊಳ್ಳುವ ಡ್ರೈವರ್ ಆಗಿದ್ದರೆ ಕರ್ನಲ್ ಕಟ್ಟುವಾಗ ಕಾನ್ಫಿಗ್_ಡೀಬಗ್_ಎಸ್ಎಚ್ಐಆರ್‌ಕ್ಯೂ ಎಂಬ ಆಯ್ಕೆ ಹಾಕಿ. ಡ್ರೈವರ್ ತನ್ನ ಇಂಟರಪ್ಟನ್ನು ಬಿಟ್ಟುಕೊಡುವಾಗ ಕರ್ನಲ್ ಬೇಕೆಂದೇ ಹ್ಯಾಂಡ್ಲರನ್ನು ಇನ್ನೊಂದು ಸಲ ಕರೆಯುತ್ತದೆ. ಅಷ್ಟರಲ್ಲಿ ಮೆಮೊರಿ ಬಿಟ್ಟುಕೊಟ್ಟಿದ್ದರೆ, ಕ್ಲಾಕ್ ನಿಲ್ಲಿಸಿದ್ದರೆ, ಅದು ನಿಮ್ಮ ಮೇಜಿನ ಮೇಲೆಯೇ ಗೊತ್ತಾಗುತ್ತದೆ.